ಫೈನಲ್ ಫ್ಯಾಂಟಸಿ 14: ಹೊಸಬರು ಎಲ್ಲಿಂದ ಶುರು ಮಾಡಬೇಕು?

"ಫೈನಲ್ ಫ್ಯಾಂಟಸಿ 14 ಆಡಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದರ ಹಿಂದೆಯೇ ಇನ್ನು ಮೂರು ಬರುತ್ತವೆ. ಖರ್ಚು ಎಷ್ಟು? ಜೊತೆಗೆ ಆಡೋಕೆ ಗೆಳೆಯರು ಬೇಕೇ ಬೇಕಾ? ಇಷ್ಟು ವರ್ಷ ಆದ ಮೇಲೆ ಸೇರಿದರೆ ತಡ ಆಗಲಿಲ್ವಾ?

ಮೊದಲು ಚಿಕ್ಕ ಉತ್ತರ ಕೊಡುತ್ತೇನೆ. ಒಂದು ರೂಪಾಯಿ ಕೊಡದೆ ಶುರು ಮಾಡಬಹುದು, ಮತ್ತು ಹಾಗೇ ಶುರು ಮಾಡಬೇಕು. ಗೆಳೆಯರು ಇದ್ದರೆ ಚೆನ್ನ, ಇಲ್ಲದಿದ್ದರೂ ಕಥೆ ನಿಲ್ಲುವುದಿಲ್ಲ. ತಡ ಅಂತೂ ಆಗಿಲ್ಲ. ಈ ಆಟದಲ್ಲಿ ಯಾರೇ ಬಂದರೂ ಕಥೆಯ ಮೊದಲ ಪುಟದಿಂದಲೇ ಹೊರಡಬೇಕು. ಹತ್ತು ವರ್ಷದಿಂದ ಆಡುತ್ತಿರುವವರೂ ಅದೇ ದಾರಿಯಲ್ಲಿ ನಡೆದು ಬಂದವರು.

ಆಟದ ಬಗ್ಗೆ ಎರಡು ಮಾತು. ಇದು ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯ ಎಂಎಂಒ, ಅಂದರೆ ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆನ್‌ಲೈನ್ ಆಟ. 2010ರಲ್ಲಿ ಮೊದಲು ಬಂದಾಗ ಸೋತಿತ್ತು. ಆಗ ನವೋಕಿ ಯೋಶಿದಾ ಅನ್ನುವವರ ಕೈಗೆ ಆಟವನ್ನು ಒಪ್ಪಿಸಿದರು. ಅವರ ತಂಡ 2012ರ ನವೆಂಬರ್‌ನಲ್ಲಿ ಹಳೆಯ ಸರ್ವರ್‌ಗಳನ್ನು ಮುಚ್ಚಿ, ಇಡೀ ಆಟವನ್ನು ಹೊಸದಾಗಿ ಕಟ್ಟಿ, 2013ರ ಆಗಸ್ಟ್‌ನಲ್ಲಿ 'ಎ ರೆಲ್ಮ್ ರಿಬಾರ್ನ್' ಹೆಸರಲ್ಲಿ ಬಿಡುಗಡೆ ಮಾಡಿತು. ನೀವು ಶುರು ಮಾಡುವುದು ಅಲ್ಲಿಂದ. ಆಮೇಲೆ ಹೆವನ್ಸ್‌ವರ್ಡ್ (2015), ಸ್ಟಾರ್ಮ್‌ಬ್ಲಡ್ (2017), ಶ್ಯಾಡೋಬ್ರಿಂಗರ್ಸ್ (2019), ಎಂಡ್‌ವಾಕರ್ (2021), ಡಾನ್‌ಟ್ರೇಲ್ (2024) ಎಂಬ ವಿಸ್ತರಣೆಗಳು ಬಂದವು. ವಿಸ್ತರಣೆ ಅಂದರೆ ಕಥೆಯ ಮುಂದಿನ ಸಂಪುಟ. ಒಂದು ಮುಗಿಸದೆ ಇನ್ನೊಂದಕ್ಕೆ ಹೋಗೋ ಹಾಗಿಲ್ಲ.

ಒಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ. ಬೇರೆ ಎಂಎಂಒಗಳಲ್ಲಿ ಬೇಗ ಬೇಗ ಕೊನೆಯ ಲೆವೆಲ್ ಮುಟ್ಟುವುದೇ ಗುರಿ, ನಿಜವಾದ ಆಟ ಆಮೇಲೆ ಅನ್ನುತ್ತಾರೆ. ಇಲ್ಲಿ ಕಥೆಯೇ ಆಟ. ಕೆಳಗೆ ಹೇಳಿರುವ ಎಲ್ಲ ಸಲಹೆಯೂ ಇದರ ಮೇಲೆ ನಿಂತಿದೆ.

1. ಕಂಪ್ಯೂಟರ್, ಜಾಗ, ಇಂಟರ್ನೆಟ್

ವಿಂಡೋಸ್, ಮ್ಯಾಕ್, ಪ್ಲೇಸ್ಟೇಷನ್ 4 ಮತ್ತು 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ನಲ್ಲಿ ಆಡಬಹುದು. ವಿಂಡೋಸ್‌ನಲ್ಲಿ ಕಂಪನಿ ಹೇಳುವ ಕನಿಷ್ಠ ಲೆಕ್ಕ 8 ಜಿಬಿ ರ‍್ಯಾಮ್, 140 ಜಿಬಿ ಖಾಲಿ ಜಾಗ. ನಿಮ್ಮ ಮಷಿನ್ ತಡೆಯುತ್ತದೋ ಇಲ್ಲವೋ ಅಂತ ಯಾರನ್ನೂ ಕೇಳುವ ಅಗತ್ಯವಿಲ್ಲ. ಅಧಿಕೃತ ಜಾಲತಾಣದಲ್ಲಿ ಬೆಂಚ್‌ಮಾರ್ಕ್ ಎಂಬ ಉಚಿತ ತಂತ್ರಾಂಶ ಇದೆ. ಅದು ಆಟದ ದೃಶ್ಯಗಳನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಓಡಿಸಿ ಅಂಕ ಕೊಡುತ್ತದೆ. ಅದರಲ್ಲೇ ನಿಮ್ಮ ಪಾತ್ರದ ಮುಖ, ಕೂದಲು, ಬಣ್ಣ ಎಲ್ಲ ಮಾಡಿ ಉಳಿಸಿಟ್ಟು, ಆಮೇಲೆ ಆಟಕ್ಕೆ ತರಲೂಬಹುದು.

ಇಳಿಸಿಕೊಳ್ಳುವುದಕ್ಕೆ ಮೊಬೈಲಿನ ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕ್ ಸಾಲುವುದಿಲ್ಲ. ಮನೆಗೆ ಫೈಬರ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಹೊತ್ತುಕೊಂಡು ಇರುವವರ ಮನೆಗೆ ಹೋಗಿ ಇಳಿಸಿಕೊಂಡು ಬನ್ನಿ. ಆಡುವಾಗ ಡೇಟಾ ಅಷ್ಟೊಂದು ಹೋಗುವುದಿಲ್ಲ, ಆದರೆ ದೊಡ್ಡ ಅಪ್‌ಡೇಟ್ ಬಂದಾಗ ಮತ್ತೆ ಜಿಬಿಗಟ್ಟಲೆ ಬೇಕಾಗುತ್ತದೆ.

2. ಉಚಿತ ಆವೃತ್ತಿಯಲ್ಲೇ ಶುರು ಮಾಡಿ

ಫ್ರೀ ಟ್ರಯಲ್ ಅಂದ ತಕ್ಷಣ ಏಳು ದಿನ, ಹದಿನೈದು ದಿನ ಅಂತ ಅಂದುಕೊಳ್ಳಬೇಡಿ. ಇದಕ್ಕೆ ದಿನದ ಮಿತಿ ಇಲ್ಲ. 2023ರ ಅಕ್ಟೋಬರ್‌ನಿಂದ ಇದರಲ್ಲಿ ಮೂಲ ಆಟ, ಹೆವನ್ಸ್‌ವರ್ಡ್, ಸ್ಟಾರ್ಮ್‌ಬ್ಲಡ್ ಮೂರೂ ಸೇರಿವೆ, 70ನೇ ಲೆವೆಲ್‌ವರೆಗೆ ಆಡಬಹುದು. ಕೆಲಸಕ್ಕೆ ಹೋಗುತ್ತಾ ದಿನಕ್ಕೆ ಒಂದೆರಡು ಗಂಟೆ ಆಡುವವರಿಗೆ ಇದು ತಿಂಗಳುಗಟ್ಟಲೆಯ ಕಥೆ.

ಕೆಲವು ಕಟ್ಟುಪಾಡುಗಳಿವೆ. ಆಟದ ದುಡ್ಡಿಗೆ ಗಿಲ್ ಅನ್ನುತ್ತಾರೆ. ಅದು 3 ಲಕ್ಷ ದಾಟುವ ಹಾಗಿಲ್ಲ. ಆಟಗಾರರು ಪರಸ್ಪರ ಸಾಮಾನು ಮಾರಿಕೊಳ್ಳುವ ಮಾರ್ಕೆಟ್ ಬೋರ್ಡ್ ನಿಮಗೆ ತೆರೆಯುವುದಿಲ್ಲ. ಫ್ರೀ ಕಂಪನಿ, ಅಂದರೆ ಆಟಗಾರರು ಕಟ್ಟಿಕೊಂಡ ಸಂಘ, ಸೇರುವ ಹಾಗಿಲ್ಲ. ನೀವಾಗಿ ಪಾರ್ಟಿ, ಅಂದರೆ ಒಟ್ಟಿಗೆ ಆಡುವ ಗುಂಪು, ಕಟ್ಟುವುದಕ್ಕೆ, ಖಾಸಗಿ ಸಂದೇಶ ಕಳಿಸುವುದಕ್ಕೂ ನಿರ್ಬಂಧ ಇದೆ. ಬೇರೆಯವರು ಕರೆದರೆ ಸೇರಬಹುದು. ಈ ನಿಯಮಗಳನ್ನು ಕಂಪನಿ ಆಗಾಗ ಬದಲಿಸುತ್ತದೆ. ನೋಂದಣಿಗೆ ಮುಂಚೆ ಅಧಿಕೃತ ಪುಟವನ್ನು ಒಮ್ಮೆ ಓದಿ. ಕಥೆ ಓದುತ್ತಾ ಹೋಗುವ ಹೊಸಬರಿಗೆ ಇವುಗಳಿಂದ ದೊಡ್ಡ ತೊಂದರೆ ಇಲ್ಲ.

ಎಚ್ಚರ: ಈ ಇಡೀ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದು ಖಾತೆಗೆ ಪೂರ್ತಿ ಆಟ ಕೊಂಡುಬಿಟ್ಟರೆ ಆ ಖಾತೆ ಮತ್ತೆ ಉಚಿತ ಆವೃತ್ತಿಗೆ ಮರಳುವುದಿಲ್ಲ. ಆಮೇಲೆ ತಿಂಗಳ ಚಂದಾ ಕಟ್ಟಿದರೆ ಮಾತ್ರ ಒಳಗೆ ಪ್ರವೇಶ. ಕಟ್ಟದಿದ್ದರೆ ನಿಮ್ಮ 20ನೇ ಲೆವೆಲ್ ಪಾತ್ರವೂ ಬೀಗ ಹಾಕಿದ ಮನೆಯೊಳಗೇ ಉಳಿಯುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಆಸೆಗೆ ಬಿದ್ದು ಮೊದಲ ವಾರವೇ ಕೊಳ್ಳಬೇಡಿ. ರಿಯಾಯಿತಿ ಮತ್ತೆ ಬರುತ್ತದೆ.

3. ಖಾತೆಯನ್ನು ಭದ್ರ ಮಾಡಿ

ನೋಂದಣಿಯಲ್ಲಿ ನಿಜವಾದ ಹೆಸರು, ನಿಜವಾದ ಹುಟ್ಟಿದ ದಿನವನ್ನೇ ಕೊಡಿ. ಪಾಸ್‌ವರ್ಡ್ ಮರೆತು ಸಹಾಯ ಕೇಳಿದಾಗ ಅವರು ಕೇಳುವುದು ಇವನ್ನೇ. ಸುಮ್ನೆ 1 ಜನವರಿ 1990 ಅಂತ ಹಾಕಿದರೆ ನೆನಪಿಟ್ಟುಕೊಳ್ಳುವ ಕೆಲಸವೂ ನಿಮ್ಮದೇ.

ಆಮೇಲೆ ಒನ್ ಟೈಮ್ ಪಾಸ್‌ವರ್ಡ್ ಹಾಕಿಕೊಳ್ಳಿ. ಬ್ಯಾಂಕಿನ ಒಟಿಪಿ ಎಸ್ಎಂಎಸ್‌ನಲ್ಲಿ ಬರುತ್ತದೆ ಅಲ್ವಾ, ಇಲ್ಲಿ ಅದು ಫೋನಿನ ಆ್ಯಪ್‌ನಲ್ಲಿ ಬರುತ್ತದೆ. ಹಾಕಿಸುವಾಗ ಒಂದು ತುರ್ತು ಪಾಸ್‌ವರ್ಡ್ ತೋರಿಸುತ್ತಾರೆ. ಅದನ್ನು ಕಾಗದದಲ್ಲಿ ಬರೆದಿಡಿ. ಫೋನ್ ಕಳೆದರೆ ಅಥವಾ ಬದಲಾದರೆ ಖಾತೆಗೆ ಹಿಂತಿರುಗುವ ಬಾಗಿಲು ಅದು. ಇದನ್ನು ಬರೆದಿಡದೆ ಹೊಸ ಫೋನ್ ಕೊಂಡು ಒದ್ದಾಡುವವರು ಬಹಳ. ಒನ್ ಟೈಮ್ ಪಾಸ್‌ವರ್ಡ್ ಬಳಸುವವರಿಗೆ ಆಟದೊಳಗೆ ಒಂದು ಲಾಭವೂ ಇದೆ: ನೀವು ಆರಿಸಿದ ಒಂದು ಊರಿಗೆ ಟೆಲಿಪೋರ್ಟ್, ಅಂದರೆ ಕ್ಷಣದಲ್ಲಿ ಹಾರಿಹೋಗುವುದು, ಪುಕ್ಕಟೆ.

4. ಸರ್ವರ್: ದೂರ ಮತ್ತು ಗಡಿಯಾರ ಎರಡನ್ನೂ ನೋಡಿ

ಭಾರತದಲ್ಲಿ ಈ ಆಟದ ಸರ್ವರ್ ಇಲ್ಲ. ಇರುವುದು ಜಪಾನ್, ಉತ್ತರ ಅಮೆರಿಕ, ಯುರೋಪ್ ಮತ್ತು ಓಷಿಯಾನಿಯಾ ಅಂತ ನಾಲ್ಕು ವಲಯ. ಆಸ್ಟ್ರೇಲಿಯಾದಲ್ಲಿರುವ ಓಷಿಯಾನಿಯಾ ಸರ್ವರ್ 2022ರಲ್ಲಿ ಬಂದದ್ದು. ಪ್ರತಿ ವಲಯದಲ್ಲೂ ಡೇಟಾ ಸೆಂಟರ್‌ಗಳಿವೆ, ಅದರೊಳಗೆ ವರ್ಲ್ಡ್‌ಗಳಿವೆ. ವರ್ಲ್ಡ್ ಅಂದರೆ ನಿಮ್ಮ ಪಾತ್ರದ ಸ್ವಂತ ಊರು.

ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರು ಅಲ್ಲಲ್ಲಿನ ಸರ್ವರ್ ಹಿಡಿದರೆ ಮುಗಿಯಿತು. ಕರ್ನಾಟಕದಿಂದ ಆಡುವವರು ಸ್ವಲ್ಪ ಯೋಚಿಸಬೇಕು. ನೀವು ಕಳಿಸಿದ ಸಂಕೇತ ಸರ್ವರ್ ಮುಟ್ಟಿ ವಾಪಸ್ ಬರಲು ಹಿಡಿಯುವ ಸಮಯಕ್ಕೆ ಪಿಂಗ್ ಅನ್ನುತ್ತಾರೆ. ಅದು ಭೂಪಟದ ದೂರಕ್ಕಿಂತ ನಿಮ್ಮ ಇಂಟರ್ನೆಟ್ ಕಂಪನಿಯ ಕೇಬಲ್ ಯಾವ ದಾರಿ ಹಿಡಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಬೇರೆ ಬೇರೆ ಬರಬಹುದು. ಉಚಿತ ಖಾತೆಯಲ್ಲಿ ಬೇರೆ ಬೇರೆ ವರ್ಲ್ಡ್‌ಗಳಲ್ಲಿ ಒಂದೊಂದು ಪಾತ್ರ ಮಾಡಬಹುದು. ಹಾಗಾಗಿ ಯುರೋಪಿನಲ್ಲೊಂದು, ಜಪಾನಿನಲ್ಲೊಂದು ಪಾತ್ರ ಮಾಡಿ, ಅರ್ಧರ್ಧ ಗಂಟೆ ಆಡಿ, ಯಾವುದು ನಯವಾಗಿ ಓಡುತ್ತದೆ ನೋಡಿ.

ಪಿಂಗ್‌ನಷ್ಟೇ ಗಡಿಯಾರವೂ ಮುಖ್ಯ. ಇದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ರಾತ್ರಿ 8 ಗಂಟೆಗೆ ಜಪಾನಿನಲ್ಲಿ 11.30. ಅಲ್ಲಿ ಜನ ಮಲಗುವ ಹೊತ್ತು. ಸಿಡ್ನಿಯಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಜರ್ಮನಿಯಲ್ಲಿ ಇನ್ನೂ ಮಧ್ಯಾಹ್ನ ಮೂರೂವರೆ, ಬೇಸಿಗೆಯಾದರೆ ನಾಲ್ಕೂವರೆ. ಊಟ ಮುಗಿಸಿ ಹತ್ತೂವರೆಗೆ ಕೂರುವವರಿಗೆ ಯುರೋಪ್ ಸರಿಹೊಂದುತ್ತದೆ, ಆಗ ಅಲ್ಲಿ ಸಂಜೆಯ ಜನಜಂಗುಳಿ. ಸಂಜೆ ಐದರಿಂದ ಎಂಟರವರೆಗೆ ಬಿಡುವಿರುವ ವಿದ್ಯಾರ್ಥಿಗಳಿಗೆ ಜಪಾನ್ ಒಳ್ಳೆಯದು. ಅಲ್ಲಿ ಮಾತೆಲ್ಲ ಜಪಾನಿ ಭಾಷೆಯಲ್ಲಿ, ಆದರೆ ಆಟದೊಳಗೇ ಅನುವಾದದ ಸೌಲಭ್ಯ ಇದೆ. ಕೀಬೋರ್ಡ್‌ನಲ್ಲಿ ಒಂದು ಪದ ಬರೆದು ಟ್ಯಾಬ್ ಒತ್ತಿದರೆ ಸಿದ್ಧ ಪದಗಳ ಪಟ್ಟಿ ಬರುತ್ತದೆ, ನೀವು ಆರಿಸಿದ್ದು ಎದುರಿನವರಿಗೆ ಅವರ ಭಾಷೆಯಲ್ಲಿ ಕಾಣುತ್ತದೆ.

ಗೆಳೆಯರು ಈಗಾಗಲೇ ಆಡುತ್ತಿದ್ದರೆ ಈ ಲೆಕ್ಕವೆಲ್ಲ ಬಿಡಿ, ಅವರ ಡೇಟಾ ಸೆಂಟರ್‌ಗೇ ಹೋಗಿ.

5. ಪಾತ್ರ ಮತ್ತು ಕ್ಲಾಸ್

ಮೊದಲು ಕುಲ ಆರಿಸಬೇಕು. ಎಂಟು ಕುಲಗಳಿವೆ: ಮನುಷ್ಯರಂತಿರುವ ಹ್ಯೂರ್, ಮಕ್ಕಳಷ್ಟೆತ್ತರದ ಲಾಲಫೆಲ್, ಬೆಕ್ಕಿನ ಕಿವಿಯ ಮಿಕೋಟೆ ಹೀಗೆ. ಆಟದ ಬಲಾಬಲದಲ್ಲಿ ಗಮನಿಸುವಂಥ ವ್ಯತ್ಯಾಸ ಏನೂ ಇಲ್ಲ. ಕಣ್ಣಿಗೆ ಹಿಡಿಸಿದ್ದನ್ನು ಆರಿಸಿ. ಕಥೆಯ ದೃಶ್ಯಗಳಲ್ಲೆಲ್ಲ ಈ ಮುಖವನ್ನೇ ನೋಡುತ್ತಿರಬೇಕು, ಆದ್ದರಿಂದ ಇಲ್ಲಿ ಅರ್ಧ ಗಂಟೆ ಜಾಸ್ತಿ ಕಳೆದರೂ ದಂಡ ಅಲ್ಲ. ಮೂಲ ಆಟದ ಕಥೆ ಮುಗಿಸಿದಾಗ ಫ್ಯಾಂಟಾಸಿಯಾ ಎಂಬ ಔಷಧಿ ಒಂದು ಸಿಗುತ್ತದೆ, ಅದನ್ನು ಕುಡಿದರೆ ರೂಪವನ್ನೆಲ್ಲ ಬದಲಿಸಿಕೊಳ್ಳಬಹುದು.

ಆಮೇಲೆ ಕ್ಲಾಸ್, ಅಂದರೆ ನಿಮ್ಮ ಪಾತ್ರದ ಕಸುಬು. ಪಾರ್ಟಿಯಲ್ಲಿ ಮೂರು ಬಗೆಯ ಕೆಲಸಗಳಿವೆ. ಟ್ಯಾಂಕ್ ಅಂದರೆ ಮುಂದೆ ನಿಂತು ಶತ್ರುವಿನ ಏಟೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುವವರು. ಹೀಲರ್ ಅಂದರೆ ಗಾಯ ಮಾಯಿಸುವವರು. ಡಿಪಿಎಸ್ ಅಂದರೆ ಏಟು ಕೊಟ್ಟು ಶತ್ರುವನ್ನು ಮುಗಿಸುವವರು. ಶುರುವಿನಲ್ಲಿ ಸಿಗುವ ಕ್ಲಾಸ್‌ಗಳು ಎಂಟು:

- ಗ್ಲಾಡಿಯೇಟರ್, ಮರೌಡರ್: ಟ್ಯಾಂಕ್
- ಕಂಜ್ಯುರರ್: ಹೀಲರ್
- ಲ್ಯಾನ್ಸರ್, ಪ್ಯೂಜಿಲಿಸ್ಟ್: ಹತ್ತಿರದಿಂದ ಹೊಡೆಯುವ ಡಿಪಿಎಸ್
- ಆರ್ಚರ್: ದೂರದಿಂದ ಬಾಣ ಬಿಡುವ ಡಿಪಿಎಸ್
- ಥಾಮಟರ್ಜ್, ಆರ್ಕನಿಸ್ಟ್: ಮಂತ್ರ ಹಾಕುವ ಡಿಪಿಎಸ್

30ನೇ ಲೆವೆಲ್‌ನಲ್ಲಿ ಕ್ಲಾಸ್ ಬಲಿತು ಜಾಬ್ ಆಗುತ್ತದೆ. ಗ್ಲಾಡಿಯೇಟರ್ ಪ್ಯಾಲಡಿನ್ ಆಗುತ್ತಾರೆ, ಲ್ಯಾನ್ಸರ್ ಡ್ರಾಗೂನ್ ಆಗುತ್ತಾರೆ. ಆರ್ಕನಿಸ್ಟ್‌ಗೆ ಎರಡು ದಾರಿ: ಸಮನರ್ ಎಂಬ ಡಿಪಿಎಸ್, ಸ್ಕಾಲರ್ ಎಂಬ ಹೀಲರ್. ನನ್ನ ಸಲಹೆ ಕೇಳಿದರೆ, ಎಂಎಂಒ ಹೊಸದಾದವರಿಗೆ ಆರ್ಕನಿಸ್ಟ್ ತುಂಬಾ ಹಗುರ. ದೂರ ನಿಂತು ಆಡುವುದರಿಂದ ಸುತ್ತಮುತ್ತ ಏನು ನಡೆಯುತ್ತಿದೆ ಅನ್ನುವುದು ಕಾಣುತ್ತದೆ.

ತಪ್ಪು ಆರಿಸಿಬಿಟ್ಟರೆ ಅನ್ನುವ ಭಯ ಬೇಡ. 10ನೇ ಲೆವೆಲ್ ಆಗಿ ನಿಮ್ಮ ಕ್ಲಾಸಿನ ಕ್ವೆಸ್ಟ್, ಅಂದರೆ ಆಟ ನಿಮಗೆ ಒಪ್ಪಿಸುವ ಕೆಲಸ, ಮುಗಿಸಿದ ಮೇಲೆ ಅದೇ ಪಾತ್ರದಲ್ಲಿ ಬೇರೆ ಕ್ಲಾಸ್‌ಗಳನ್ನೂ ಕಲಿಯಬಹುದು. ಕೈಲಿರುವ ಆಯುಧ ಬದಲಿಸಿದರೆ ಕಸುಬೂ ಬದಲಾಗುತ್ತದೆ. ಹೊಸ ಕಸುಬಿಗಾಗಿ ಇನ್ನೊಂದು ಪಾತ್ರ ಮಾಡಬೇಕಿಲ್ಲ. ಮಾಡಿದರೆ ಇಡೀ ಕಥೆಯನ್ನು ಮತ್ತೆ ಮೊದಲಿಂದ ಆಡಬೇಕಾಗುತ್ತದೆ. ಡಾರ್ಕ್ ನೈಟ್, ಸಮುರಾಯ್ ಥರದ ಜಾಬ್‌ಗಳು ಶುರುವಲ್ಲೇ ಸಿಗುವುದಿಲ್ಲ. ಡಾರ್ಕ್ ನೈಟ್‌ಗೆ ಹೆವನ್ಸ್‌ವರ್ಡ್ ಬಾಗಿಲು ಮುಟ್ಟಬೇಕು, ಸಮುರಾಯ್‌ಗೆ 50ನೇ ಲೆವೆಲ್ ಬೇಕು.

ಶುರುವಿನ ಊರನ್ನು ಕ್ಲಾಸ್ ನಿರ್ಧರಿಸುತ್ತದೆ. ಬಂದರು ನಗರ ಲಿಮ್ಸಾ ಲೋಮಿನ್ಸಾ, ಕಾಡಿನ ಊರು ಗ್ರಿಡಾನಿಯಾ, ಮರುಭೂಮಿಯ ಉಲ್ದಾ ಇವು ಮೂರು. ಸುಮಾರು 15ನೇ ಲೆವೆಲ್‌ಗೆ ಮೂರೂ ದಾರಿಗಳು ಒಂದಾಗುತ್ತವೆ. ಗೆಳೆಯರು ಬೇರೆ ಊರಲ್ಲಿ ಹುಟ್ಟಿದ್ದರೆ ಚಿಂತೆ ಬೇಡ, ಅಲ್ಲಿ ಸೇರಬಹುದು.

6. ಮೊದಲ ಹದಿನೈದು ಲೆವೆಲ್: ಯಾವ ಕ್ವೆಸ್ಟ್ ಮಾಡಬೇಕು, ಯಾವುದು ಬಿಡಬೇಕು

ಹೊಸಬರು ಸುಸ್ತಾಗಿ ಆಟ ಬಿಡುವುದು ಇಲ್ಲೇ. ಊರಿಗೆ ಕಾಲಿಟ್ಟ ಕೂಡಲೇ ಹತ್ತಾರು ಜನರ ತಲೆಯ ಮೇಲೆ ಚಿಹ್ನೆಗಳು. ಎಲ್ಲರ ಕೆಲಸವನ್ನೂ ಮಾಡಿಕೊಡಬೇಕು ಅನ್ನಿಸುತ್ತದೆ. ಬೇಡ. ಕ್ವೆಸ್ಟ್‌ಗಳು ಮೂರು ಬಗೆ:

- ಉರಿಯುವ ಉಲ್ಕೆಯಂಥ ಚಿಹ್ನೆ: ಮುಖ್ಯ ಕಥೆ. ಆಟಗಾರರು ಇದನ್ನು ಎಂಎಸ್‌ಕ್ಯೂ ಅನ್ನುತ್ತಾರೆ. ಪರದೆಯ ಎಡ ಮೇಲ್ಮೂಲೆಯಲ್ಲಿ ಮುಂದಿನದು ಯಾವುದು ಅಂತ ಸದಾ ತೋರಿಸುತ್ತಿರುತ್ತದೆ. ಇದನ್ನು ಬಿಡಬೇಡಿ.
- ನೀಲಿ ಚಿಹ್ನೆ, ಪಕ್ಕದಲ್ಲಿ ಕೂಡಿಸುವ ಗುರುತು: ಹೊಸ ಸೌಲಭ್ಯ ತೆರೆಯುತ್ತದೆ. ಹೊಸ ಜಾಬ್, ಹೊಸ ಡಂಜನ್ (ಗುಂಪಾಗಿ ಕಾದಾಡುವ ಜಾಗ), ಬಟ್ಟೆಗೆ ಬಣ್ಣ ಹಾಕುವುದು ಇತ್ಯಾದಿ. ಕಂಡಾಗ ಮಾಡಿ.
- ಹಳದಿ ಚಿಹ್ನೆ: ಬಿಡಿ ಕೆಲಸಗಳು. ಚೂರು ಗಿಲ್, ಚೂರು ಅನುಭವ (ಲೆವೆಲ್ ಏರಿಸುವ ಅಂಕ) ಸಿಗುತ್ತದೆ, ಅಷ್ಟೇ. ಆ ಊರಿನ ಸಣ್ಣ ಕಥೆ ಓದುವ ಆಸೆ ಇದ್ದರೆ ಮಾಡಿ, ಲೆವೆಲ್ ಏರಿಸುವುದಕ್ಕೆ ಬೇಡ.

ಒಂದೇ ಕ್ಲಾಸ್ ಹಿಡಿದು ಮುಖ್ಯ ಕಥೆಯನ್ನೂ ಆ ಕ್ಲಾಸಿನ ಕ್ವೆಸ್ಟ್‌ಗಳನ್ನೂ ಮಾಡುತ್ತಾ ಹೋದರೆ ಬೇಕಾದ ಲೆವೆಲ್ ತಾನಾಗಿ ಬರುತ್ತದೆ. ಕ್ಲಾಸಿನ ಕ್ವೆಸ್ಟ್ ತಪ್ಪಿಸಬೇಡಿ. ಕೆಲವು ಮುಖ್ಯ ಕೌಶಲಗಳು ಅದರಲ್ಲೇ ಸಿಗುತ್ತವೆ.

ದಾರಿಯಲ್ಲಿ ನೀಲಿ ಹರಳಿನ ದೊಡ್ಡ ಕಂಬ ಕಂಡರೆ ನಿಂತು ಅದನ್ನು ಮುಟ್ಟಿ. ಅದರ ಹೆಸರು ಈಥರೈಟ್. ಒಮ್ಮೆ ಮುಟ್ಟಿದ ಮೇಲೆ ಎಲ್ಲಿಂದ ಬೇಕಾದರೂ ಅಲ್ಲಿಗೆ ಹಾರಬಹುದು. ಪ್ರತಿ ಸಲ ಗಿಲ್ ಖರ್ಚಾಗುತ್ತದೆ, ಆರಂಭದಲ್ಲಿ ಕೈ ಬಿಗಿ. ಆದ್ದರಿಂದ ಹೆಚ್ಚು ಓಡಾಡುವ ಜಾಗವನ್ನು ಹೋಮ್ ಪಾಯಿಂಟ್ ಮಾಡಿಕೊಳ್ಳಿ, ರಿಟರ್ನ್ ಎಂಬ ಕೌಶಲ ಬಳಸಿದರೆ ಅಲ್ಲಿಗೆ ಪುಕ್ಕಟೆ. ಆಟ ಮುಚ್ಚುವಾಗ ಊರೊಳಗೆ ಅಥವಾ ಈಥರೈಟ್ ಪಕ್ಕದಲ್ಲೇ ಮುಚ್ಚಿ. ನೀವಿಲ್ಲದ ಹೊತ್ತಲ್ಲಿ ವಿಶ್ರಾಂತಿಯ ಬೋನಸ್ ಕೂಡುತ್ತದೆ, ಮರುದಿನ ಶತ್ರುಗಳನ್ನು ಹೊಡೆದಾಗ ಜಾಸ್ತಿ ಅನುಭವ ಸಿಗುತ್ತದೆ.

15ನೇ ಲೆವೆಲ್‌ಗೆ ಬಂದ ಮೇಲೆ ಒಂದು ನೀಲಿ ಕ್ವೆಸ್ಟನ್ನು ಹುಡುಕಿಕೊಂಡು ಹೋಗಿ ಮಾಡಿ: ಹಾಲ್ ಆಫ್ ದಿ ನೊವೈಸ್. ಮೂರೂ ನಗರಗಳ ಹೋಟೆಲುಗಳಲ್ಲಿ ಇದನ್ನು ಕೊಡುವವರಿದ್ದಾರೆ. ಗುಂಪಿನಲ್ಲಿ ಹೇಗೆ ಆಡಬೇಕು ಅನ್ನುವ ಸಣ್ಣ ಸಣ್ಣ ಪಾಠಗಳು. ಎಲ್ಲ ಮುಗಿಸಿದರೆ ಒಂದು ಉಂಗುರ ಸಿಗುತ್ತದೆ, ಅದು 30ನೇ ಲೆವೆಲ್‌ವರೆಗೆ ಅನುಭವವನ್ನು ಶೇ. 30ರಷ್ಟು ಹೆಚ್ಚಿಸುತ್ತದೆ.

7. ಮೊದಲ ಡಂಜನ್: ಸಸ್ತಾಶಾ

ಡಂಜನ್ ಅಂದರೆ ನಾಲ್ಕು ಜನರ ಗುಂಪು ಒಳಹೊಕ್ಕು, ಶತ್ರುಗಳನ್ನು ಸದೆಬಡಿದು, ಕೊನೆಯ ದೊಡ್ಡ ಶತ್ರುವನ್ನು ಸೋಲಿಸಿ ಹೊರಬರುವ ಜಾಗ. ಒಬ್ಬರು ಟ್ಯಾಂಕ್, ಒಬ್ಬರು ಹೀಲರ್, ಇಬ್ಬರು ಡಿಪಿಎಸ್. 15ನೇ ಲೆವೆಲ್‌ಗೆ ಕಥೆ ನಿಮ್ಮನ್ನು ಸಸ್ತಾಶಾ ಎಂಬ ಕಡಲ ಗುಹೆಗೆ ಕಳಿಸುತ್ತದೆ. "ಗುರುತಿಲ್ಲದವರ ಜೊತೆ ಹೋದರೆ ಬೈಯುತ್ತಾರಾ?" ಅಂತ ಹೆದರಿ ಇಲ್ಲಿ ನಿಂತುಬಿಟ್ಟವರು ನನಗೆ ಗೊತ್ತು. ಅವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡು ದಾರಿ ಇದೆ. ಡ್ಯೂಟಿ ಫೈಂಡರ್ ಒತ್ತಿದರೆ ಆಟವೇ ಮೂವರು ನಿಜವಾದ ಆಟಗಾರರನ್ನು ಹುಡುಕಿ ಕೊಡುತ್ತದೆ. ಡ್ಯೂಟಿ ಸಪೋರ್ಟ್ ಒತ್ತಿದರೆ ಕಂಪ್ಯೂಟರ್ ನಡೆಸುವ ಮೂವರು ಜೊತೆಗಾರರು ಬರುತ್ತಾರೆ. ಅವರ ಜೊತೆ ನಿಮ್ಮ ವೇಗದಲ್ಲಿ, ಗೋಡೆ ಮೂಲೆ ಎಲ್ಲ ನೋಡುತ್ತಾ ಹೋಗಬಹುದು. ಮುಖ್ಯ ಕಥೆಯ ಡಂಜನ್‌ಗಳನ್ನು ಹೀಗೆ ಒಬ್ಬರೇ ಮುಗಿಸಬಹುದು. ಮೊದಲ ಸಲ ಸಪೋರ್ಟ್‌ನಲ್ಲಿ, ಎರಡನೆಯ ಸಲ ಜನರ ಜೊತೆ ಹೋಗಿ ನೋಡಿ.

ಸಸ್ತಾಶಾ ಒಳಗೆ ಸ್ವಲ್ಪ ದೂರ ಹೋದ ಮೇಲೆ ರಕ್ತದ ಕಲೆಯ ಒಂದು ಚೀಟಿ ಸಿಗುತ್ತದೆ. ಅದನ್ನು ತೆರೆದು ಓದಿ. ಕೆಂಪು, ನೀಲಿ, ಹಸಿರು ಈ ಮೂರರಲ್ಲಿ ಒಂದು ಬಣ್ಣ ಬರೆದಿರುತ್ತದೆ. ಸುತ್ತಲೂ ಆ ಮೂರು ಬಣ್ಣದ ಹವಳಗಳಿವೆ. ಚೀಟಿಯ ಬಣ್ಣದ್ದನ್ನು ಮುಟ್ಟಿದರೆ ಮುಂದಿನ ದಾರಿಗೆ ಕಾವಲಿರುವ ಶತ್ರು ಬರುತ್ತದೆ. ಬೇರೆ ಬಣ್ಣ ಮುಟ್ಟಿದರೆ ಸುಮ್ನೆ ಹೆಚ್ಚಿನ ಕಾದಾಟ. ಕೊನೆಯ ಶತ್ರುವಿನ ಜೊತೆ ಹೋರಾಡುವಾಗ ನೆಲದ ಜಾಲರಿಗಳಿಂದ ನೀರು ಗುಳುಗುಳು ಅಂತ ಉಕ್ಕುತ್ತದೆ. ಉಕ್ಕುವ ಜಾಲರಿಯ ಹತ್ತಿರ ಓಡಿ ಅದನ್ನು ಒತ್ತಿದರೆ ಅಲ್ಲಿಂದ ಹೊಸ ಶತ್ರುಗಳು ಮೇಲೆ ಬರುವುದಿಲ್ಲ. ಅವಸರದ ಗುಂಪು ಇದನ್ನು ಬಿಟ್ಟುಬಿಡುತ್ತದೆ, ಹೊಸಬರು ಮಾಡಿದರೆ ಹೀಲರ್‌ಗೆ ಎಷ್ಟೋ ಉಪಕಾರ.

ಮುಂದೆ ಎಲ್ಲ ಕಡೆ ಬೇಕಾಗುವ ಒಂದು ಸೂಕ್ಷ್ಮ ಇದೆ, ಭಾರತದಿಂದ ಆಡುವವರಿಗಂತೂ ಮುಖ್ಯ. ಶತ್ರು ದೊಡ್ಡ ಏಟು ಹಾಕುವ ಮುಂಚೆ ನೆಲದ ಮೇಲೆ ಕಿತ್ತಳೆ ಬಣ್ಣದ ಗುರುತು ಬರುತ್ತದೆ, ಶತ್ರುವಿನ ಹೆಸರಿನ ಹತ್ತಿರ ಒಂದು ಪಟ್ಟಿ ತುಂಬುತ್ತಾ ಹೋಗುತ್ತದೆ. ಪಟ್ಟಿ ತುಂಬಿದ ಕ್ಷಣದಲ್ಲಿ ನೀವು ಎಲ್ಲಿದ್ದೀರಿ ಅನ್ನುವುದನ್ನು ಸರ್ವರ್ ಲೆಕ್ಕ ಹಿಡಿಯುತ್ತದೆ. ಬೆಂಕಿ, ಸ್ಫೋಟ ಇವೆಲ್ಲ ಕಣ್ಣಿಗೆ ಕಾಣುವುದು ಆಮೇಲೆ. ಸ್ಫೋಟ ನೋಡಿ ಓಡಿದರೆ ಏಟು ಬಿದ್ದಾಗಿರುತ್ತದೆ. ಪಿಂಗ್ ಜಾಸ್ತಿ ಇರುವ ನಾವು ಗುರುತು ಕಂಡ ತಕ್ಷಣ ಕಾಲು ತೆಗೆಯಬೇಕು. ಈ ಆಟದಲ್ಲಿ ಎರಡು ಮುಖ್ಯ ಏಟುಗಳ ನಡುವೆ ಸುಮಾರು ಎರಡೂವರೆ ಸೆಕೆಂಡ್ ಬಿಡುವು ಇರುತ್ತದೆ. ಹಾಗಾಗಿ ದೂರದ ಸರ್ವರ್‌ನಲ್ಲೂ ಕಥೆಯ ಹೋರಾಟಗಳನ್ನು ನೆಮ್ಮದಿಯಾಗಿ ಆಡಬಹುದು.

ಜನರ ಜೊತೆ ಹೋದಾಗ:

- ಒಳಗೆ ಹೋದ ಕೂಡಲೇ ನಮಸ್ಕಾರ ಹೇಳಿ, ಇದು ಮೊದಲ ಸಲ ಅಂತ ಬರೆಯಿರಿ. ನಿಮ್ಮ ಹೆಸರಿನ ಪಕ್ಕ ಹಸಿರು ಚಿಗುರಿನ ಗುರುತು ಇರುತ್ತದೆ, ಆದರೂ ಹೇಳಿದರೆ ಒಳ್ಳೆಯದು. ಗುಂಪಿನಲ್ಲಿ ಹೊಸಬರಿದ್ದರೆ ಹಳಬರಿಗೆ ಹೆಚ್ಚುವರಿ ಬಹುಮಾನ ಸಿಗುತ್ತದೆ, ಹಾಗಾಗಿ ಅವರಿಗೂ ಅದು ಸಂತೋಷವೇ.
- ಟ್ಯಾಂಕ್ ಆಡುತ್ತಿದ್ದರೆ ಶತ್ರುಗಳ ಗಮನ ಸೆಳೆಯುವ ಸ್ಟಾನ್ಸ್ ಎಂಬ ಕೌಶಲವನ್ನು ಆನ್ ಮಾಡಿದ್ದೀರಾ ಅಂತ ಒಮ್ಮೆ ನೋಡಿ. ಇದು ಎಲ್ಲರೂ ಮರೆಯುವ ಸಂಗತಿ.
- ಡಿಪಿಎಸ್ ಆದರೆ ಟ್ಯಾಂಕ್‌ಗಿಂತ ಮುಂದೆ ಓಡಬೇಡಿ.
- ನಡುವೆ ಕಥೆಯ ದೃಶ್ಯ ಬಂದರೆ ಪೂರ್ತಿ ನೋಡಿ. ದೃಶ್ಯ ನೋಡುತ್ತಿದ್ದೇನೆ ಅಂತ ಒಂದು ಸಾಲು ಬರೆದರೆ ಸಾಕು.
- ಮುಗಿದ ಮೇಲೆ ಚೆನ್ನಾಗಿ ಆಡಿದವರಿಗೆ ಕಮೆಂಡೇಶನ್, ಅಂದರೆ ಮೆಚ್ಚುಗೆಯ ಓಟು, ಕೊಡಿ.

8. ಇಪ್ಪತ್ತರಿಂದ ಐವತ್ತು

20ನೇ ಲೆವೆಲ್ ಹೊತ್ತಿಗೆ ಮೂರು ಸೇನೆಗಳಲ್ಲಿ ಒಂದನ್ನು ಸೇರಬೇಕು. ಯಾವುದನ್ನು ಆರಿಸಿದರೂ ಕಥೆ ಅದೇ. ಸೇರಿದ ಮೇಲೆ ಆ ಸೇನೆಯ ನಾಣ್ಯವಾದ ಸೀಲ್ 200 ಕೊಟ್ಟು ಚೊಕೊಬೊ ಪಡೆಯುವ ನೀಲಿ ಕ್ವೆಸ್ಟ್ ತೆರೆಯುತ್ತದೆ. ಚೊಕೊಬೊ ಅಂದರೆ ಕುದುರೆಯ ಬದಲು ಸವಾರಿ ಮಾಡುವ ಹಳದಿ ಹಕ್ಕಿ. ಇದನ್ನು ಮುಂದೂಡಬೇಡಿ. ಈ ಭಾಗದ ಕಥೆಯಲ್ಲಿ ವೆಸ್ಪರ್ ಬೇ ಎಂಬ ಊರಿಗೆ ಹೋಗಿ ಬಂದು ಮಾಡಿಸುತ್ತಾರೆ. ಅಲ್ಲಿ ಈಥರೈಟ್ ಇಲ್ಲ, ಹೊರೈಜನ್‌ನಲ್ಲಿ ಇಳಿದು ಹೋಗಬೇಕು. ಹಕ್ಕಿ ಇದ್ದರೆ ಬೇಸರ ಅರ್ಧ ಕಡಿಮೆ.

ಬಟ್ಟೆ, ಆಯುಧಕ್ಕೆ ಗಿಲ್ ಸುರಿಯಬೇಡಿ. ಕಥೆಯ ಬಹುಮಾನ, ಡಂಜನ್ ಪೆಟ್ಟಿಗೆಗಳಲ್ಲಿ ಸಿಗುವುದೇ ಸಾಕು. ಪಾತ್ರದ ಕಿಟಕಿಯಲ್ಲಿ ಇರುವುದರಲ್ಲಿ ಒಳ್ಳೆಯದನ್ನು ತಾನೇ ತೊಡಿಸುವ ಬಟನ್ ಇದೆ, ಆಗಾಗ ಒತ್ತಿ. ಎರಡು ಮೂರು ಕ್ಲಾಸ್ ಒಟ್ಟಿಗೆ ಬೆಳೆಸುವ ಆಸೆಯನ್ನು 50ರವರೆಗೆ ತಡೆದುಕೊಳ್ಳಿ. ಆಟದ ಚಾಟ್‌ನಲ್ಲಿ ನಿಜವಾದ ದುಡ್ಡಿಗೆ ಗಿಲ್ ಮಾರುತ್ತೇವೆ ಅನ್ನುವ ಸಂದೇಶ ಬಂದರೆ ಆ ಕೊಂಡಿ ಮುಟ್ಟಬೇಡಿ. ಕೊಂಡವರ ಖಾತೆಯೂ ರದ್ದಾಗಬಹುದು.

9. ಕಥೆ ನಿಧಾನ ಅನ್ನಿಸಿದಾಗ

ಇದನ್ನು ಮುಚ್ಚಿಡುವುದಿಲ್ಲ. ಎ ರೆಲ್ಮ್ ರಿಬಾರ್ನ್ ನಿಧಾನ. ಒಬ್ಬರಿಗೆ ಚೀಟಿ ತಲುಪಿಸುವುದು, ಇನ್ನೊಬ್ಬರಿಗೆ ಹಣ್ಣು ಕೊಯ್ದು ಕೊಡುವುದು ಇಂಥವು ಜಾಸ್ತಿ. ಮಾತು ಕೂಡ ಬಹುಪಾಲು ಬರಹದಲ್ಲಿ, ಧ್ವನಿ ಕಡಿಮೆ. ರಾತ್ರಿಯಿಡೀ ಆಡುವ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮುಂಚೆ ಪೂರ್ವರಂಗ ಇರುವ ಹಾಗೆ ಈ ಭಾಗ ಇದೆ ಅಂದುಕೊಳ್ಳಿ. ಇಲ್ಲಿ ಸುಮ್ನೆ ಬಂದು ಹೋದ ಜನ, ಊರು, ಮಾತು ಮುಂದಿನ ಸಂಪುಟಗಳಲ್ಲಿ ಭಾರವಾಗಿ ತಿರುಗಿ ಬರುತ್ತವೆ. ಅದಕ್ಕೇ ದೃಶ್ಯಗಳನ್ನು ಹಾರಿಸಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ. 2020ರಲ್ಲಿ ಕಂಪನಿ ಈ ಭಾಗದ ಎಷ್ಟೋ ಕ್ವೆಸ್ಟ್‌ಗಳನ್ನು ತೆಗೆದು ಹಗುರ ಮಾಡಿದೆ.

ಆಟದಲ್ಲಿ ಕನ್ನಡ ಇಲ್ಲ. ಇಂಗ್ಲಿಷ್, ಜಪಾನಿ, ಜರ್ಮನ್, ಫ್ರೆಂಚ್ ಇವೆ. ಇಂಗ್ಲಿಷಿನಲ್ಲಿ ಹಳೆಗಾಲದ ಮಾತಿನ ಶೈಲಿ ಬಹಳ, ಕೆಲವು ಪಾತ್ರಗಳದ್ದಂತೂ ಬಿಡಿಸಿ ಓದಬೇಕು. ಪ್ರತಿ ಪದ ಅರ್ಥ ಆಗಲಿಲ್ಲ ಅಂತ ನಿಲ್ಲಬೇಡಿ. ಜರ್ನಲ್ ತೆರೆದರೆ ಈಗ ನಡೆದದ್ದರ ಸಾರಾಂಶ ಸರಳವಾಗಿ ಇರುತ್ತದೆ. ಧ್ವನಿ ಇಲ್ಲದ ದೃಶ್ಯಗಳಲ್ಲಿ ನೀವು ಒತ್ತುವವರೆಗೂ ಮಾತು ಮುಂದೆ ಹೋಗುವುದಿಲ್ಲ. ನಿದ್ದೆಗಣ್ಣಲ್ಲಿ ಏನೋ ತಪ್ಪಿಸಿಕೊಂಡಿರಾ? ನಗರದ ಛತ್ರದ ಕೋಣೆಯಲ್ಲಿ ದಿ ಅನೆಂಡಿಂಗ್ ಜರ್ನಿ ಎಂಬ ಪುಸ್ತಕ ಇದೆ, ನೋಡಿದ ದೃಶ್ಯಗಳನ್ನು ಅಲ್ಲಿ ಮತ್ತೆ ನೋಡಬಹುದು.

50ಕ್ಕೆ ಮೂಲ ಕಥೆ ಮುಗಿದ ಮೇಲೆ ಹೆಸರುಗಳು ಸಾಲಾಗಿ ಬಂದು ಆಟ ಮುಗಿದಂತೆ ಕಾಣುತ್ತದೆ. ಮುಗಿದಿರುವುದಿಲ್ಲ. ಹೆವನ್ಸ್‌ವರ್ಡ್‌ಗೆ ಮುಂಚೆ ಇನ್ನೊಂದು ಉದ್ದನೆಯ ಸಾಲು ಕ್ವೆಸ್ಟ್‌ಗಳಿವೆ. ಬಹಳ ಜನ ಇಲ್ಲಿ ಕೈಬಿಡುತ್ತಾರೆ. ಇಲ್ಲಿ ಮೂರು ವಿಷಯ ಗೊತ್ತಿರಲಿ. ಒಂದು, ಮೂಲ ಕಥೆಯ ಕೊನೆಯ ಡಂಜನ್‌ಗಳಲ್ಲಿ ದೃಶ್ಯಗಳು ಉದ್ದ, ಹಾರಿಸಲು ಆಗುವುದಿಲ್ಲ, ಒಂದೊಂದು ಗಂಟೆ ಬಿಡುವು ಮಾಡಿಕೊಂಡೇ ಹೋಗಿ. ಎರಡು, ಕ್ರಿಸ್ಟಲ್ ಟವರ್ ಎಂಬ 24 ಜನರ ಮೂರು ಹೋರಾಟಗಳು ಮುಂದಿನ ದಾರಿಗೆ ಕಡ್ಡಾಯ. ಅವು ನೀಲಿ ಕ್ವೆಸ್ಟಾಗಿ ಮೊರ್ ಧೋನಾ ಎಂಬ ಪ್ರದೇಶದಲ್ಲಿ ಶುರುವಾಗುತ್ತವೆ. ಮೂರು, ಆಗ ಸಿಗುವ ಪೊಯೆಟಿಕ್ಸ್ ಎಂಬ ನಾಣ್ಯಗಳನ್ನು ಅದೇ ಮೊರ್ ಧೋನಾದಲ್ಲಿ ಕೊಟ್ಟರೆ ಐರನ್‌ವರ್ಕ್ಸ್ ಕವಚ ಸಿಗುತ್ತದೆ. ಅದನ್ನು ತೊಟ್ಟರೆ ಹೆವನ್ಸ್‌ವರ್ಡ್‌ನಲ್ಲಿ ಎಷ್ಟೋ ದೂರದವರೆಗೆ ಚಿಂತೆ ಇಲ್ಲ. 2,000 ನಾಣ್ಯಕ್ಕಿಂತ ಜಾಸ್ತಿ ಕೂಡಿಡಲು ಆಗುವುದಿಲ್ಲ, ಖರ್ಚು ಮಾಡುತ್ತಾ ಇರಿ.

ಈ ಸಾಲಿನ ಕೊನೆಯ ಕ್ವೆಸ್ಟ್‌ಗಳನ್ನು ಮಲಗುವ ಹೊತ್ತಿಗೆ ಶುರು ಮಾಡಬೇಡಿ. ನಡುವೆ ಎದ್ದು ಹೋಗೋಕೆ ಮನಸ್ಸಾಗುವುದಿಲ್ಲ.

ಯೂಟ್ಯೂಬ್‌ನಿಂದಲೂ ಹುಷಾರಾಗಿರಿ. ಒಂದು ಪಾತ್ರದ ಹೆಸರು ಹುಡುಕಿದರೆ ಸಾಕು, ಚಿಕ್ಕ ಚಿತ್ರಗಳಲ್ಲೇ ಯಾರು ಸಾಯುತ್ತಾರೆ ಅನ್ನುವುದು ಕಂಡುಬಿಡುತ್ತದೆ. ಡಂಜನ್ ಹೆಸರು ಹುಡುಕಿ, ಪಾತ್ರದ ಹೆಸರು ಬೇಡ. ಕಂಪನಿಯ ಅಂಗಡಿಯಲ್ಲಿ ಕಥೆ ಹಾರಿಸುವ ಪುಸ್ತಕವೂ ಮಾರಾಟಕ್ಕಿದೆ. ಮೊದಲ ಸಲ ಆಡುವವರು ದಯವಿಟ್ಟು ಅದನ್ನು ಕೊಳ್ಳಬೇಡಿ.

10. ದುಡ್ಡು ಯಾವಾಗ ಕೊಡಬೇಕು?

ಸ್ಟಾರ್ಮ್‌ಬ್ಲಡ್ ಕಥೆ ಪೂರ್ತಿ ಮುಗಿದು ಶ್ಯಾಡೋಬ್ರಿಂಗರ್ಸ್ ಬಾಗಿಲಿಗೆ ಬಂದಾಗ. ಅದಕ್ಕೆ ಮುಂಚೆ ಕೊಳ್ಳಲು ಸರಿಯಾದ ಕಾರಣ ಒಂದೇ, ಗೆಳೆಯರ ಫ್ರೀ ಕಂಪನಿ ಸೇರಿ ದಿನವೂ ಒಟ್ಟಿಗೆ ಆಡಬೇಕು ಅನ್ನುವುದು.

ಎರಡು ವಸ್ತು ಬೇಕು. ಸ್ಟಾರ್ಟರ್ ಎಡಿಷನ್‌ನಲ್ಲಿ ನೀವು ಉಚಿತವಾಗಿ ಆಡಿದ ಭಾಗಗಳೇ ಇವೆ, ಜೊತೆಗೆ 30 ದಿನದ ಆಟ. ಅದರ ಮೇಲೆ ವಿಸ್ತರಣೆ ಕೊಳ್ಳಬೇಕು. ಡಾನ್‌ಟ್ರೇಲ್ ಕೊಂಡರೆ ಶ್ಯಾಡೋಬ್ರಿಂಗರ್ಸ್ ಮತ್ತು ಎಂಡ್‌ವಾಕರ್ ಅದರೊಳಗೇ ಬರುತ್ತವೆ.

ಎಚ್ಚರ: ಸ್ಟೀಮ್‌ನಲ್ಲಿ ಮೂಲ ಆಟ ಕೊಂಡರೆ ವಿಸ್ತರಣೆಗಳನ್ನೂ ಸ್ಟೀಮ್‌ನಲ್ಲೇ ಕೊಳ್ಳಬೇಕು. ಕಂಪನಿಯ ಅಂಗಡಿಯಲ್ಲಿ ಕೊಂಡರೆ ಕೊನೆಯವರೆಗೂ ಅಲ್ಲೇ. ಎರಡನ್ನೂ ಬೆರೆಸಲು ಆಗುವುದಿಲ್ಲ. ಬೇರೆ ಕಡೆ ಅಗ್ಗದ ಕೋಡ್ ಸಿಕ್ಕಿದರೆ ಅದು ಯಾವ ಬಗೆಯದು ಅಂತ ಮೊದಲು ನೋಡಿ.

30 ದಿನ ಕಳೆದ ಮೇಲೆ ಚಂದಾ. ಅಮೆರಿಕದ ದರದಲ್ಲಿ ಎಂಟ್ರಿ ಯೋಜನೆ ತಿಂಗಳಿಗೆ 12.99 ಡಾಲರ್, ಸ್ಟ್ಯಾಂಡರ್ಡ್ 14.99. ಎಂಟ್ರಿಯಲ್ಲಿ ಒಂದು ವರ್ಲ್ಡ್‌ಗೆ ಒಂದೇ ಪಾತ್ರ. ನಿಮಗೆ ಅಷ್ಟೇ ಸಾಕು. ಭಾರತದ ಕಾರ್ಡ್ ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯಾ ನೋಡಿಕೊಳ್ಳಿ. ಕಾರ್ಡ್ ಒಪ್ಪದಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ಬ್ಯಾಂಕಿಗೆ ಕರೆ ಮಾಡಿ ಕೇಳಿ.

ಕಥೆ ಮುಗಿದು ಹೊಸ ಭಾಗ ಬರುವವರೆಗೆ ಚಂದಾ ನಿಲ್ಲಿಸಿ ಬೇರೆ ಆಟ ಆಡಿ ಅಂತ ಯೋಶಿದಾ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಆದ್ದರಿಂದ ಚಂದಾ ಕಟ್ಟಿದ ದಿನವೇ ತಾನಾಗಿ ನವೀಕರಣ ಆಗುವುದನ್ನು ರದ್ದು ಮಾಡಿಡಿ. ಕಟ್ಟಿದ ದಿನಗಳು ಮುಗಿಯುವವರೆಗೂ ಆಟ ನಡೆಯುತ್ತದೆ. ಮುಂದಿನ ತಿಂಗಳು ಬೇಕು ಅನ್ನಿಸಿದರೆ ಆಗ ಮತ್ತೆ ಕಟ್ಟಿದರಾಯಿತು.